ನಾಲ್ಕಡಿ ಜಗುಲಿಯ ಲೆಕ್ಕ

ಆದಿಚುಂಚನಗಿರಿಯ ಸುತ್ತಲ ಹಳ್ಳಿಗಳಲ್ಲಿ ಹಳೆಯ ಹೆಂಚಿನ ಮನೆ ಕೆಡವಿ ಹೊಸದಕ್ಕೆ ಪಾಯ ತೆಗೆಯುವ ದಿನ ಒಂದು ಮಾತು ತಪ್ಪದೆ ಕೇಳಿಬರುತ್ತದೆ. ಸುಣ್ಣದ ಪುಡಿ ಚೆಲ್ಲಿ ಗೋಡೆಯ ಗುರುತು ಹಾಕುತ್ತಿರುವ ಮೇಸ್ತ್ರಿ ಮನೆಯ ಯಜಮಾನರ ಕಡೆ ತಿರುಗಿ, "ಜಗುಲಿ ಬ್ಯಾಡ ಬುಡಿ ಗೌಡ್ರೆ, ಸುಮ್ಕೆ ಜಾಗ ದಂಡ. ಅದ್ನೂ ಒಳೀಕೆ ತಕ್ಕಂಡ್ರೆ ಹಾಲ್ ದೊಡ್ದಾಯ್ತದೆ" ಅನ್ನುತ್ತಾರೆ. ಯಜಮಾನರು ತಲೆಯಾಡಿಸುತ್ತಾರೆ. ಬೆಂಗಳೂರಿನಿಂದ ಬಂದ ಮಗ ದನಿಗೂಡಿಸುತ್ತಾನೆ. ಐವತ್ತು ವರ್ಷ ಆ ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿದ, ಮೊಮ್ಮಕ್ಕಳ ತಲೆ ಬಾಚಿದ, ದಾರಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸಿದ ಅಜ್ಜಿಯನ್ನು ಯಾರೂ ಏನೂ ಕೇಳುವುದಿಲ್ಲ. ಗುರುತು ಬೀಳುತ್ತದೆ. ಆರು ತಿಂಗಳಲ್ಲಿ ಜಗುಲಿ ಇದ್ದ ಕಡೆ ಕಾಂಪೌಂಡು ಏಳುತ್ತದೆ, ಕಬ್ಬಿಣದ ಗೇಟು ಕೂರುತ್ತದೆ, ಗೇಟಿನ ಹಿಂದೆ ಕಾರಿಗೆ ಪೋರ್ಟಿಕೊ ಬರುತ್ತದೆ.

"ಜಾಗ ದಂಡ" ಎಂಬ ತೀರ್ಪು ಈಗ ಬರೀ ಮೇಸ್ತ್ರಿಯದಲ್ಲ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ, ಎಲ್ಲಿ ಹೋದರೂ ಊರಿನ ಒಮ್ಮತ ಅದೇ. ಜಗುಲಿ ಇದ್ದರೆ ಕಂಡಕಂಡವರು ಬಂದು ಕೂರುತ್ತಾರೆ, ಮನೆಯ ಗುಟ್ಟು ಬೀದಿಗೆ ಬೀಳುತ್ತದೆ ಎಂದು ಒಬ್ಬರು. ಕಳ್ಳರಿಗೆ ಅದೇ ಮೆಟ್ಟಿಲು ಎಂದು ಇನ್ನೊಬ್ಬರು. ಜಗುಲಿ ಎಂದರೆ ಗೌಡರು, ಶಾನುಭೋಗರು ಮೇಲೆ ಕೂತು ಉಳಿದವರನ್ನು ಕೆಳಗೆ ನಿಲ್ಲಿಸಿದ ಜಾಗ, ಅದು ಹೋದದ್ದೇ ಒಳ್ಳೆಯದು ಎಂದು ಮತ್ತೊಬ್ಬರು. ಟಿವಿ, ಮೊಬೈಲು ಬಂದ ಮೇಲೆ ಜಗುಲಿ ಕಟ್ಟಿದರೂ ಕೂರುವವರು ಯಾರು ಎಂದು ಎಲ್ಲರೂ. ಈ ವಾದಗಳಲ್ಲಿ ಕೆಲವು ಪೊಳ್ಳು. ಒಂದಂತೂ ಪೊಳ್ಳಲ್ಲ, ಅದಕ್ಕೆ ಉತ್ತರ ಕೊಡದೆ ಜಗುಲಿಯ ಪರ ಮಾತಾಡುವ ಹಕ್ಕು ಯಾರಿಗೂ ಇಲ್ಲ. ಆದರೆ ಒಟ್ಟು ತೀರ್ಪು ತಪ್ಪು. ಎಷ್ಟು ತಪ್ಪೆಂದು ಲೆಕ್ಕ ಹಾಕಿಯೇ ನೋಡಬಹುದು.

ಮೊದಲು ಜಾಗದ ಲೆಕ್ಕ. ತಾಲ್ಲೂಕು ಕೇಂದ್ರದ ಬಡಾವಣೆಯಲ್ಲಿ ಒಂದು ಸಾಮಾನ್ಯ ನಿವೇಶನ ಮೂವತ್ತು–ನಲವತ್ತರದು, ಅಂದರೆ 1200 ಚದರಡಿ. ನಾಲ್ಕಡಿ ಅಗಲ, ಹದಿನೈದಡಿ ಉದ್ದದ ಜಗುಲಿಗೆ ಬೇಕಾದದ್ದು 60 ಚದರಡಿ. ನೂರಕ್ಕೆ ಐದು. ಅದೇ ನಿವೇಶನದಲ್ಲಿ ಒಂದು ಕಾರು ನಿಲ್ಲಿಸಲು ಒಂಬತ್ತಡಿಗೆ ಹದಿನಾರಡಿ ಎಂದರೂ 144 ಚದರಡಿ ಬಿಡಬೇಕು. ಕಾರಿಗೆ ಬಿಟ್ಟ ಜಾಗವನ್ನು ಯಾರೂ ದಂಡ ಅನ್ನುವುದಿಲ್ಲ. ಇನ್ನೂ ಕಾರು ಕೊಳ್ಳದವರೂ ಮುಂದೆ ಬರುವ ಕಾರಿಗೆಂದು ಬಿಡುತ್ತಾರೆ. ನಿತ್ಯ ಮನೆಯಲ್ಲೇ ಇರುವ ತಾಯಿಗೆ ಬೆಳಗಿನ ಬಿಸಿಲಲ್ಲಿ ಕೂರಲು ಅದರ ಅರ್ಧಕ್ಕೂ ಕಡಿಮೆ ಜಾಗ ಕೇಳಿದರೆ ಮಾತ್ರ ದಂಡದ ಮಾತು ಬರುತ್ತದೆ.

ಹಳೆಯ ಕಾಲದವರು ಜಗುಲಿಯನ್ನು ಹರಟೆಗೆಂದೇ ಕಟ್ಟಿದವರಲ್ಲ. ಮಣ್ಣಿನ ಗೋಡೆಗೆ ಮಳೆ ಶತ್ರು. ಸೂರಿನ ನೀರು ನೆಲಕ್ಕೆ ಬಿದ್ದು ಸಿಡಿದರೆ ಗೋಡೆಯ ಬುಡ ಕರಗುತ್ತದೆ. ಅದಕ್ಕೆ ಸೂರನ್ನು ಮೂರು ನಾಲ್ಕು ಅಡಿ ಮುಂದಕ್ಕೆ ಚಾಚಿ, ಅದನ್ನು ಮರದ ಕಂಬಗಳ ಮೇಲೆ ಹೊರಿಸಿ, ಕೆಳಗೆ ಕಲ್ಲಿನ ಅಂಚು ಕೊಟ್ಟು ಮಣ್ಣು ತುಂಬಿದರು. ಗೋಡೆ ನೆನೆಯಲಿಲ್ಲ, ಪಾಯ ಕುಸಿಯಲಿಲ್ಲ, ಏಪ್ರಿಲ್ ಬಿಸಿಲು ನೇರವಾಗಿ ಮನೆಯೊಳಗೆ ನುಗ್ಗಲಿಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ನಾಡಹೆಂಚಿನ ಜಾಗಕ್ಕೆ ಮಂಗಳೂರು ಹೆಂಚು ಬಂತು. ಸೂರು ಬದಲಾದರೂ ಜಗುಲಿ ಉಳಿಯಿತು. ಈಗಿನ ತಾರಸಿ ಮನೆಗೆ ಸೂರೇ ಇಲ್ಲ. ಪಡುವಣ ಗೋಡೆ ಮಧ್ಯಾಹ್ನವಿಡೀ ಕಾದು ರಾತ್ರಿಯೆಲ್ಲ ಒಳಗೆ ಶಾಖ ಬಿಡುತ್ತದೆ. ಜಗುಲಿಯಲ್ಲಿ ಉಳಿಸಿದ ಹಣ ಫ್ಯಾನು, ಕೂಲರಿನ ಕರೆಂಟ್ ಬಿಲ್ಲಿಗೆ ಹೋಗುತ್ತದೆ.

ಜಗುಲಿ ಉಳಿದ ಬೀದಿ ಹೇಗಿರುತ್ತದೆಂದು ನೋಡಬೇಕಾದವರು ಪಾಂಡವಪುರ ತಾಲ್ಲೂಕಿನ ಮೇಲುಕೋಟೆಗೆ ಹೋಗಬೇಕು. ಚೆಲುವನಾರಾಯಣನ ಗುಡಿಯ ಸುತ್ತಲ ಬೀದಿಗಳಲ್ಲಿ ಇಂದಿಗೂ ಮನೆಗೊಂದು ಜಗುಲಿ ಅಂಟಿಕೊಂಡಂತೆ ಸಾಲು ನಿಂತಿದೆ. ದೇವರಿಗೆ ಕಿರೀಟ ತೊಡಿಸುವ ವೈರಮುಡಿ ಉತ್ಸವದ ರಾತ್ರಿ ಬಂದರೆ ಜಗುಲಿ ಏನೆಂಬುದು ಹೊರಗಿನವರಿಗೂ ತಿಳಿಯುತ್ತದೆ. ಮಂಡ್ಯದ ಖಜಾನೆಯಿಂದ ಕಿರೀಟ ಕಾವಲಿನಲ್ಲಿ ಹೊರಟು, ದಾರಿಯ ಹಳ್ಳಿಗಳಲ್ಲಿ ಪೂಜೆ ಪಡೆದು ಬೆಟ್ಟ ಹತ್ತುತ್ತದೆ. ಉತ್ಸವ ರಾತ್ರಿಯಿಡೀ ಸಾಗುತ್ತದೆ. ಲಕ್ಷಗಟ್ಟಲೆ ಸೇರುವ ಜನಕ್ಕೆ ಅಷ್ಟು ಚಿಕ್ಕ ಊರಿನಲ್ಲಿ ಯಾವ ಛತ್ರ ಸಾಕಾದೀತು? ಮಕ್ಕಳನ್ನು ಮಲಗಿಸಲು, ಕಾಲು ಚಾಚಲು, ಬುತ್ತಿ ಬಿಚ್ಚಲು ಜನ ಜಗುಲಿಗಳನ್ನೇ ಆಶ್ರಯಿಸುತ್ತಾರೆ. ಯಾರ ಮನೆಯೆಂದು ಕೂತವರಿಗೆ ಗೊತ್ತಿಲ್ಲ, ಯಾರು ಕೂತರೆಂದು ಮನೆಯವರು ವಿಚಾರಿಸುವುದಿಲ್ಲ. ಆ ಬೀದಿಗಳ ಮನೆಗಳೆಲ್ಲ ಏಳಡಿ ಕಾಂಪೌಂಡಿನ ಹಿಂದೆ ಸರಿದರೆ ವೈರಮುಡಿ ನಡೆದೀತು, ಆದರೆ ಅದು ಎರಡು ಗೋಡೆಗಳ ನಡುವಿನ ಮೆರವಣಿಗೆಯಾಗಿ ಉಳಿದೀತು.

ಮನೆಯ ಗುಟ್ಟು ಬೀದಿಗೆ ಬೀಳುತ್ತದೆ ಎನ್ನುವವರು ಜಗುಲಿಯ ಕೆಲಸವನ್ನೇ ತಲೆಕೆಳಗಾಗಿ ತಿಳಿದಿದ್ದಾರೆ. ಮನೆಯ ಗುಟ್ಟನ್ನು ಕಾಯುತ್ತಿದ್ದುದೇ ಜಗುಲಿ. ಬಂದವರೆಲ್ಲರನ್ನೂ ನಡುಮನೆಗೆ ಕರೆಯಬೇಕಾಗಿಲ್ಲ, ಹೊರಗೆ ಬಿಸಿಲಲ್ಲಿ ನಿಲ್ಲಿಸಬೇಕಾಗಿಯೂ ಇಲ್ಲ ಎಂಬ ಅನುಕೂಲವನ್ನು ಅದು ಕೊಟ್ಟಿತ್ತು. ಆಶಾ ಕಾರ್ಯಕರ್ತೆ ಬಂದು ತಾಯಿ ಕಾರ್ಡಿನಲ್ಲಿ ಬರೆದುಕೊಳ್ಳುವುದು ಜಗುಲಿಯ ಮೇಲೆ. ಅಂಚೆಯವರು ಪಿಂಚಣಿ ಎಣಿಸಿ ಕೊಡುವುದು ಜಗುಲಿಯ ಮೇಲೆ. ಸೊಪ್ಪಿನವಳು ಬುಟ್ಟಿ ಇಳಿಸಿ ನೀರು ಕೇಳುವುದೂ ಅಲ್ಲೇ. ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರ ಮಲ್ಲಿಗೆ'ಯ ಬಳೆಗಾರನನ್ನು ಕನ್ನಡಿಗರು ಮರೆತಿಲ್ಲ. ತವರಿಗೆ ಹೋದ ಹೆಂಡತಿಯ ಸುದ್ದಿ ಹೊತ್ತು ಬಂದವನು ಬಾಗಿಲಲ್ಲಿ ನಿಂತು ಒಳಗೆ ಬರಲು ಅಪ್ಪಣೆ ಕೇಳುತ್ತಾನೆ. ಸುದ್ದಿ ಹೀಗೆ ಹೊಸಿಲಿನಾಚೆಗೆ ಬಂದು ನಿಲ್ಲುವ ಊರು ಅದು. ಇಂದು ಅಂಥವನು ಬಂದರೆ ಗೇಟಿನ ಹೊರಗೆ ಬೆಲ್ಲು ಒತ್ತಬೇಕು. ಬೆಲ್ಲು ಒತ್ತಲು ಒಂದು ಕಾರಣ ಬೇಕು. ಸುಮ್ಮನೆ ಬಂದೆ, ಹೇಗಿದ್ದೀರೆಂದು ನೋಡಲು ಬಂದೆ ಎಂದು ಬೆಲ್ಲು ಒತ್ತಲು ನಮ್ಮ ಜನಕ್ಕೆ ಸಂಕೋಚ. ಕರೆಯದೆ ಬಂದು ಕೂರಬಹುದಾದ, ಹೇಳದೆ ಎದ್ದು ಹೋಗಬಹುದಾದ ಒಂದೇ ಜಾಗ ಮನೆಗೆ ಇತ್ತು. ಅದನ್ನು ತೆಗೆದ ಮೇಲೆ ನೆಂಟಸ್ತಿಕೆಯೆಲ್ಲ ಮದುವೆ, ತಿಥಿ, ಗೃಹಪ್ರವೇಶಕ್ಕೆ ಬಂದು ನಿಂತಿದೆ.

ಅದರ ಎತ್ತರದಲ್ಲೂ ಒಂದು ಜಾಣತನವಿತ್ತು. ನೆಲದಿಂದ ಎರಡು, ಎರಡೂವರೆ ಅಡಿ. ಆ ಎತ್ತರದಲ್ಲಿ ಕಾಲು ಇಳಿಬಿಟ್ಟು ಕೂತವರ ಕಣ್ಣು, ಬೀದಿಯಲ್ಲಿ ನಡೆದು ಬರುವವರ ಕಣ್ಣು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬರುತ್ತವೆ. ತಲೆಯೆತ್ತಿ ನೋಡಬೇಕಿಲ್ಲ, ಬಗ್ಗಿ ನೋಡಬೇಕಿಲ್ಲ. "ಎತ್ಲಾಗೆ ಹೊಂಟ್ರಿ?" ಎಂಬ ಮಾತು ತಾನಾಗಿ ಬರುತ್ತದೆ.

ನೆರೆಹೊರೆಯ ಮಾತಾಯಿತು. ಮನೆಯವರ ನಡುವಿನ ಮಾತಿಗೂ ಜಗುಲಿ ಬೇಕಾಗಿತ್ತು. ಒಳಗೆ ಎದುರುಬದುರು ಕೂತು ಆಡಲಾಗದ ಮಾತುಗಳು ಪ್ರತಿ ಸಂಸಾರದಲ್ಲೂ ಇರುತ್ತವೆ. ಮಗಳಿಗೆ ಬಂದ ಸಂಬಂಧ, ಅಣ್ಣತಮ್ಮಂದಿರ ಭಾಗದ ವಿಷಯ, ಸೊಸೈಟಿಯ ಸಾಲ, ಕಬ್ಬಿನ ಬಾಕಿ. ಅಪ್ಪ ಮಗ ಜಗುಲಿಯ ಮೇಲೆ ಅಕ್ಕಪಕ್ಕ ಕೂತಾಗ ಇಬ್ಬರ ಕಣ್ಣೂ ಬೀದಿಯ ಕಡೆ ಇರುತ್ತದೆ. ಮುಖ ನೋಡದೆ ಮಾತಾಡಬಹುದು. ನಡುವೆ ಮಾತು ನಿಂತರೆ ಬೀದಿಯಲ್ಲಿ ಹೋಗುವ ಗಾಡಿಯೋ ದನವೋ ಆ ಮೌನವನ್ನು ತುಂಬುತ್ತದೆ. ಹಜಾರದ ಸೋಫಾದ ಮೇಲೆ ಇದೇ ಮಾತು ತೆಗೆದರೆ ಅದು ವಿಚಾರಣೆಯಾಗಿಬಿಡುತ್ತದೆ. ಒಂದೇ ಸೂರಿನಡಿ ಮೂರು ಕೋಣೆ, ಮೂರು ಮೊಬೈಲು, ಮೂರು ಬಾಗಿಲು ಆದ ಸಂಸಾರಗಳಿಗೆ ಇಂಥ ಜಾಗ ಹಿಂದಿಗಿಂತ ಇಂದು ಹೆಚ್ಚು ಅಗತ್ಯ.

ಮಂಡ್ಯ ಜಿಲ್ಲೆಗೆ ಇದು ಬರೀ ಮನಸ್ಸಿನ ಹಿತದ ಪ್ರಶ್ನೆಯಲ್ಲ. 2001ರಿಂದ 2011ರ ವರೆಗೆ ಕರ್ನಾಟಕದ ಜನಸಂಖ್ಯೆ ನೂರಕ್ಕೆ ಹದಿನೈದೂವರೆಯಷ್ಟು ಬೆಳೆದಾಗ ಮಂಡ್ಯದ್ದು ಬೆಳೆದದ್ದು ಎರಡೂವರೆಗೂ ಕಡಿಮೆ. ಹದಿನೆಂಟು ಲಕ್ಷ ಜನರ ಜಿಲ್ಲೆ ಹೆಚ್ಚುಕಡಿಮೆ ಇದ್ದಲ್ಲೇ ನಿಂತಿತ್ತು. ಹುಟ್ಟಿದವರು ಬೆಂಗಳೂರಿಗೆ, ಮೈಸೂರಿಗೆ ಹೋದರು. ನಾಗಮಂಗಲ, ಕೆ.ಆರ್. ಪೇಟೆಯ ಒಣಭೂಮಿಯ ಹಳ್ಳಿಗಳಲ್ಲಿ ಬೀದಿಗೆ ನಾಲ್ಕಾದರೂ ಮನೆಯಲ್ಲಿ ಈಗ ಇರುವವರು ಇಬ್ಬರೇ, ಎಷ್ಟೋ ಕಡೆ ಒಬ್ಬರೇ. ಮಕ್ಕಳು ಕಳಿಸಿದ ದುಡ್ಡಿನಲ್ಲಿ ಕಟ್ಟಿದ ತಾರಸಿ ಮನೆಯ ಗ್ರಿಲ್ಲಿನ ಹಿಂದೆ ಆ ತಾಯಿತಂದೆಯರು ಕೂತಿರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಹೊರತಂದ ವರದಿ ಒಂಟಿತನವನ್ನು ವರ್ಷಕ್ಕೆ 8 ಲಕ್ಷ 71 ಸಾವಿರ ಸಾವುಗಳ ಜೊತೆ ಜೋಡಿಸಿದೆ. ಗಂಟೆಗೆ ನೂರು ಸಾವು. ಇದು ದೂರದ ನಗರಗಳ ರೋಗ ಎಂದು ತಿಳಿಯುವವರು ಒಂದು ಸಂಜೆ ಈ ಹಳ್ಳಿಗಳಲ್ಲಿ ನಡೆದು ನೋಡಲಿ.

ಒಂಟಿತನ ಹೇಗೆ ಕೊಲ್ಲುತ್ತದೆಂಬುದಕ್ಕೆ ಒಂದು ಉದಾಹರಣೆ. ಅಮೆರಿಕದ ಷಿಕಾಗೊದಲ್ಲಿ 1995ರ ಜುಲೈಯಲ್ಲಿ ಬಿಸಿಗಾಳಿ ಎದ್ದಿತು. ಸಹಜವಾಗಿ ಆಗುವುದಕ್ಕಿಂತ 739 ಸಾವು ಹೆಚ್ಚಾಗಿ ಸಂಭವಿಸಿದವು. ಸತ್ತವರಲ್ಲಿ ಬಹಳ ಮಂದಿ ಬಾಗಿಲು ಹಾಕಿಕೊಂಡು ಒಳಗಿದ್ದ ಒಂಟಿ ವೃದ್ಧರು. ಸಮಾಜಶಾಸ್ತ್ರಜ್ಞ ಎರಿಕ್ ಕ್ಲೈನೆನ್‌ಬರ್ಗ್ ಅಕ್ಕಪಕ್ಕದ ಎರಡು ಬಡಾವಣೆಗಳನ್ನು ಹೋಲಿಸಿ ನೋಡಿದರು. ನಾರ್ತ್ ಲಾನ್‌ಡೇಲ್, ಸೌತ್ ಲಾನ್‌ಡೇಲ್. ಎರಡರಲ್ಲೂ ಬಡತನ, ಎರಡರಲ್ಲೂ ಒಂಟಿ ಮುದುಕರು, ಎರಡಕ್ಕೂ ಬಿದ್ದದ್ದು ಅದೇ ಬಿಸಿಲು. ಮೊದಲನೆಯದರಲ್ಲಿ ಲಕ್ಷಕ್ಕೆ ನಲವತ್ತು ಸಾವು, ಎರಡನೆಯದರಲ್ಲಿ ಅದರ ಹತ್ತರಲ್ಲಿ ಒಂದು ಪಾಲು. ಒಂದರಲ್ಲಿ ಅಂಗಡಿ ಮುಚ್ಚಿ, ಮನೆಗಳು ಪಾಳುಬಿದ್ದು, ಜನ ಹೊರಗೆ ಬರಲು ಹೆದರುತ್ತಿದ್ದ ಬೀದಿ. ಇನ್ನೊಂದರಲ್ಲಿ ಅಂಗಡಿ, ಜನ, ಮಾತು ತುಂಬಿದ ಬೀದಿ. ಮುದುಕರು ಹೊರಗೆ ಬರುತ್ತಿದ್ದರು, ಬರದಿದ್ದರೆ ಯಾಕೆ ಬರಲಿಲ್ಲವೆಂದು ಇನ್ನೊಬ್ಬರು ಕೇಳುತ್ತಿದ್ದರು. ಜಗುಲಿಯೊಂದೇ ಅವರನ್ನು ಉಳಿಸಿತೆಂದು ಹೇಳಿದರೆ ಸುಳ್ಳಾಗುತ್ತದೆ. ಬೀದಿಗೆ ಮುಖ ಮಾಡಿದ ಬದುಕು ಉಳಿಸಿತು. ನಮ್ಮ ಹಳ್ಳಿಯಲ್ಲಿ ಆ ಬದುಕು ನಿಂತಿದ್ದುದು ಜಗುಲಿಯ ಮೇಲೆ.

ಇದೇ ಮಾತನ್ನು ಇನ್ನೂ ಹತ್ತಿರದ, ಇನ್ನೂ ನೋವಿನ ಸಂಗತಿಗೆ ಹೊಂದಿಸಿ ಹೇಳಬೇಕು. 2015ರಲ್ಲಿ ಮಂಡ್ಯ ಜಿಲ್ಲೆ ರೈತರ ಆತ್ಮಹತ್ಯೆಗಳಿಂದ ತತ್ತರಿಸಿತು. ಕಾರಣ ಕಬ್ಬಿನ ಬೆಲೆ, ಬಾರದ ಬಾಕಿ, ಬಡ್ಡಿ. ಸಾಲ ತೀರಿಸುವ ಶಕ್ತಿ ಜಗುಲಿಗಿಲ್ಲ. ಇದೆ ಎಂದು ಯಾರಾದರೂ ಹೇಳಿದರೆ ಅದು ಸತ್ತವರಿಗೆ ಮಾಡುವ ಅವಮಾನ. ಆದರೆ ಮೂರು ದಿನದಿಂದ ಹೊಲಕ್ಕೆ ಹೋಗದೆ ಮಂಕಾಗಿ ಕೂತವನನ್ನು ಎದುರು ಮನೆಯವರು ನೋಡಲು ಆತ ಕಣ್ಣಿಗೆ ಬೀಳುವ ಜಾಗದಲ್ಲಿ ಕೂತಿರಬೇಕು. "ಯಾಕ್ಲಾ ಹಿಂಗವ್ನೆ?" ಎಂದು ಒಬ್ಬರು ಇನ್ನೊಬ್ಬರನ್ನು ಕೇಳಲು ಮೊದಲು ಆತ ಕಾಣಬೇಕು. ಗೇಟು ಹಾಕಿದ ಮನೆಯೊಳಗಿನ ಮಂಕು ಯಾರಿಗೂ ಕಾಣುವುದಿಲ್ಲ.

ಕಳ್ಳರ ವಾದಕ್ಕೆ ಬಹಳ ಹೊತ್ತು ಬೇಕಿಲ್ಲ. ಲೇಖಕಿ ಜೇನ್ ಜೇಕಬ್ಸ್ 1961ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅಮೆರಿಕದ ನಗರಗಳ ಬಗ್ಗೆ ಹೇಳಿದ್ದು ನಮ್ಮ ಅಜ್ಜಿಯರಿಗೆ ಮೊದಲೇ ಗೊತ್ತಿತ್ತು. ಬೀದಿಯ ಮೇಲೆ ಮನೆಯವರ ಕಣ್ಣಿದ್ದರೆ ಬೀದಿ ಕ್ಷೇಮ. ಏಳಡಿ ಗೋಡೆ ಹಾರಿ ಒಳಗಿಳಿದ ಕಳ್ಳ ಬೀದಿಯವರ ಕಣ್ಣಿಂದ ಮರೆಯಾಗುತ್ತಾನೆ. ಆ ಮೇಲೆ ಗೋಡೆ ಕಾಯುವುದು ಅವನನ್ನೇ. ಕ್ಯಾಮೆರಾ ಆದದ್ದನ್ನು ಚಿತ್ರ ಹಿಡಿದು ಇಡುತ್ತದೆ. ಜಗುಲಿಯ ಮೇಲೆ ಕೂತ ಮುದುಕಪ್ಪ ಆಗುವುದಕ್ಕೆ ಮುಂಚೆಯೇ "ಯಾರಪ್ಪಾ ನೀನು, ಯಾರ್ ಮನೆ ಬೇಕಾಗಿತ್ತು?" ಎಂದು ಕೇಳುತ್ತಾನೆ.

ಇನ್ನು ಜಗುಲಿ ಎಂದರೆ ಹಾಳುಹರಟೆ, ಸೋಮಾರಿಗಳ ಅಡ್ಡೆ ಎಂಬ ತಿರಸ್ಕಾರ. ಕನ್ನಡದಲ್ಲಿ ಲಲಿತ ಪ್ರಬಂಧಕ್ಕೆ ಹರಟೆ ಎಂದೇ ಇನ್ನೊಂದು ಹೆಸರಿತ್ತು ಎಂಬುದನ್ನು ಈ ಮಾತಾಡುವವರು ಮರೆಯಬಾರದು. ಆ ಪ್ರಕಾರದ ದೊಡ್ಡ ಲೇಖಕರಲ್ಲೊಬ್ಬರಾದ ಎ.ಎನ್. ಮೂರ್ತಿರಾವ್ ಹುಟ್ಟಿದ್ದು 1900ರಲ್ಲಿ, ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ. ನಾಗಮಂಗಲ ತಾಲ್ಲೂಕೊಂದೇ ಇಬ್ಬರು ಹಿರಿಯ ಜಾನಪದ ಸಂಗ್ರಾಹಕರನ್ನು ಕೊಟ್ಟಿದೆ. ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನೂ ಆ ಮೇಲೆ ರಾಮನಗರದ ಬಳಿ ಜಾನಪದ ಲೋಕವನ್ನೂ ಕಟ್ಟಿದರು. ಅಂಬಲಜೀರಹಳ್ಳಿಯ ಜೀ.ಶಂ. ಪರಮಶಿವಯ್ಯನವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜಾನಪದ ಅಧ್ಯಯನಕ್ಕೆ ತಳಹದಿ ಹಾಕಿ, ಮಂಟೇಸ್ವಾಮಿಯ ಮಹಾಕಾವ್ಯವನ್ನು ಅಚ್ಚಿಗೆ ತಂದರು. ಆ ಕಾವ್ಯವನ್ನು ತಲೆಮಾರಿನಿಂದ ತಲೆಮಾರಿಗೆ ಹೊತ್ತು ತಂದ ನೀಲಗಾರರೆಂಬ ಹಾಡುಗಾರರಿಗೆ ರಂಗಮಂದಿರವಿರಲಿಲ್ಲ. ಮನೆಯ ಜಗುಲಿಯಿತ್ತು, ಗುಡಿಯ ಮುಂದಿನ ಕಟ್ಟೆಯಿತ್ತು, ಉಂಡು ಬಂದು ಕೂರುವ ನೆರೆಹೊರೆಯಿತ್ತು. ಆ ಹೊತ್ತನ್ನು ಸೋಮಾರಿತನವೆನ್ನುವುದು ತಿಳಿಗೇಡಿತನ.

ಈಗ ಪೊಳ್ಳಲ್ಲದ ಆ ಒಂದು ವಾದ.

ಜಗುಲಿ ಎಲ್ಲರದಾಗಿರಲಿಲ್ಲ. ದೊಡ್ಡವರ ಜಗುಲಿಯ ಕೆಳಗೆ ದಲಿತರು ನಿಂತು ಕೂಲಿ ಕೇಳಿದರು, ಚಪ್ಪಲಿ ಕೈಯಲ್ಲಿ ಹಿಡಿದು ಅದರ ಮುಂದೆ ಹಾದುಹೋದರು, ನೀರನ್ನು ಮೇಲಿನಿಂದ ಬೊಗಸೆಗೆ ಹೊಯ್ಯಿಸಿಕೊಂಡರು. ಗೇಣಿದಾರ ಒಡೆಯನ ಜಗುಲಿಯ ಮುಂದೆ ಟವೆಲ್ ಕಂಕುಳಲ್ಲಿಟ್ಟು ನಿಂತ. ಮನೆಯ ಸೊಸೆ ಮಾವ ಕೂತ ಜಗುಲಿಯತ್ತ ಸುಳಿಯಲಿಲ್ಲ. ಮೇಲುಕೋಟೆಯಲ್ಲಿ ರಾಮಾನುಜರ ಹೆಸರಿನಲ್ಲಿ ತಿರುಕುಲದವರೆಂದು ಕರೆಯಲಾದ ದಲಿತರಿಗೆ ವರ್ಷಕ್ಕೆ ಮೂರು ದಿನ ಗುಡಿಯ ಪ್ರವೇಶವಿತ್ತೆಂದು ಹೆಮ್ಮೆಯಿಂದ ಹೇಳಿಕೊಳ್ಳಲಾಗುತ್ತದೆ. ಉಳಿದ ದಿನಗಳಲ್ಲಿ ಅವರು ಎಲ್ಲಿ ನಿಲ್ಲುತ್ತಿದ್ದರೆಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ನಾಗೇಗೌಡರು ತಮ್ಮ ಕಾದಂಬರಿಗೆ 'ದೊಡ್ಡಮನೆ' ಎಂದು ಹೆಸರಿಟ್ಟರು. ಈ ಸೀಮೆಯಲ್ಲಿ ಆ ಮಾತಿನ ಅರ್ಥ ಮನೆಯ ಅಳತೆಯೊಂದೇ ಅಲ್ಲ. ಇವೆಲ್ಲ ನಡೆದದ್ದು ನಿಜ, ಅದನ್ನು ಮರೆಮಾಚುವ ಜಗುಲಿಯ ಹೊಗಳಿಕೆ ಅಪ್ರಾಮಾಣಿಕ.

ಆದರೆ ಆ ಜಗುಲಿಯ ಎತ್ತರವನ್ನು ಇಳಿಸಿದ್ದು ಯಾವುದು? ಕಾಂಪೌಂಡು ಗೋಡೆಯಲ್ಲ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಇಳಿಸಿತು. 1974ರ ಭೂಸುಧಾರಣೆ ಗೇಣಿದಾರನನ್ನು ಹೊಲದ ಒಡೆಯನನ್ನಾಗಿ ಮಾಡಿ ಇಳಿಸಿತು. ಶಾಲೆ ಇಳಿಸಿತು, ದಲಿತ ಚಳವಳಿ ಇಳಿಸಿತು, ಪಂಚಾಯ್ತಿಯ ಮೀಸಲಾತಿ ಇಳಿಸಿತು. ಹೀಗೆ ಹೋರಾಡಿ ಇಳಿಸಿದವರು ಮೇಲೆ ಹತ್ತಿ ಕೂರುವ ಹೊತ್ತಿಗೆ ಮೇಲಿದ್ದವರು ಜಗುಲಿಯನ್ನೇ ಕೆಡವಿ ಗೇಟಿನ ಹಿಂದೆ ಸರಿದರು. ಇದನ್ನು ಸಮಾನತೆ ಎಂದು ಕರೆಯುವುದು ದೊಡ್ಡ ಮೋಸ. ಜಗುಲಿಯ ಮೇಲಿನ ಭೇದ ಬೀದಿಗೆ ಕಾಣುತ್ತಿತ್ತು. ಕಂಡದ್ದನ್ನು ಪ್ರಶ್ನಿಸಬಹುದಿತ್ತು, ದೂರು ಕೊಡಬಹುದಿತ್ತು, ಒಂದು ದಿನ ಹತ್ತಿ ಕೂತೇಬಿಡಬಹುದಿತ್ತು. ಗೇಟಿನ ಹಿಂದಿನ ಭೇದಕ್ಕೆ ಸಾಕ್ಷಿಯಿಲ್ಲ. ಯಾರನ್ನು ಸೋಫಾದವರೆಗೆ ಕರೆದರು, ಯಾರನ್ನು ಗೇಟಿನಲ್ಲೇ ಮಾತಾಡಿಸಿ ಕಳಿಸಿದರು ಎಂಬುದು ಯಾರಿಗೆ ಗೊತ್ತು?

ಹೆಣ್ಣುಮಕ್ಕಳ ವಿಷಯದಲ್ಲಂತೂ ಜಗುಲಿ ಆಗಲೇ ಕೈ ಬದಲಾಯಿಸಿತ್ತು. ಕರ್ನಾಟಕದಲ್ಲಿ ಸ್ತ್ರೀಶಕ್ತಿ ಯೋಜನೆ ಬಂದದ್ದು 2000–01ರಲ್ಲಿ. ವಾರಕ್ಕೊಮ್ಮೆ ಸಂಘದ ಹೆಂಗಸರು ಸೇರಿ ಉಳಿತಾಯದ ದುಡ್ಡು ಎಣಿಸಿ, ಸಾಲ ಹಂಚಿ, ಪುಸ್ತಕದಲ್ಲಿ ಬರೆದದ್ದು ಯಾವ ಸಭಾಭವನದಲ್ಲಿ? ಬಹಳ ಹಳ್ಳಿಗಳಲ್ಲಿ ಯಾರದಾದರೊಬ್ಬರ ಜಗುಲಿಯ ಮೇಲೆ. ಗಂಡಸರು ಹೊಲಕ್ಕೋ ಪೇಟೆಗೋ ಹೋದ ಮಧ್ಯಾಹ್ನ ಎರಡರಿಂದ ನಾಲ್ಕರ ಹೊತ್ತು ಜಗುಲಿ ಹೆಂಗಸರದು. ಅಕ್ಕಿಯ ಕಲ್ಲು ಆರಿಸುತ್ತ, ಹುಣಿಸೇಹಣ್ಣು ಬಿಡಿಸುತ್ತ, ಯಾರ ಗಂಡ ಕುಡಿದು ಬಂದ, ಯಾರ ಮಗಳು ಪಿಯುಸಿ ಪಾಸಾದಳು, ಯಾವ ಆಸ್ಪತ್ರೆಯಲ್ಲಿ ಒಳ್ಳೆಯ ಡಾಕ್ಟರಿದ್ದಾರೆ ಎಂಬುದೆಲ್ಲ ಒಬ್ಬರಿಂದೊಬ್ಬರಿಗೆ ದಾಟುತ್ತದೆ. ಮದುವೆಯಾಗಿ ಬಂದ ಹುಡುಗಿಗೆ ಊರು ಪರಿಚಯವಾಗುವುದು ಈ ಹೊತ್ತಿನಲ್ಲಿ. ಏಟು ತಿಂದವಳ ಅಳು ಮೊದಲು ಕೇಳಿಸುವುದೂ ಇಲ್ಲೇ.

ಟಿವಿ, ಮೊಬೈಲು ಬಂದಮೇಲೆ ಕೂರುವವರು ಯಾರು ಎಂಬ ಮಾತಿನಲ್ಲಿ ವಾದಕ್ಕಿಂತ ಕೈಚೆಲ್ಲುವುದೇ ಹೆಚ್ಚು. ಜಗುಲಿ ಇರುವ ಬೀದಿಯಲ್ಲಿ ಹುಡುಗರು ಮೊಬೈಲನ್ನೂ ಜಗುಲಿಯ ಮೇಲೆ ಕೂತೇ ನೋಡುತ್ತಾರೆ, ಒಂದು ಪರದೆಗೆ ನಾಲ್ಕು ತಲೆ. ಸಾಲದೆಂದರೆ 2020 ನೆನಪಿಸಿಕೊಳ್ಳಬೇಕು. ಕೋವಿಡ್ಡಿನಿಂದ ಶಾಲೆಗಳು ಮುಚ್ಚಿದಾಗ, ಮೊಬೈಲಿನ ಪಾಠ ಬಡವರ ಮಕ್ಕಳನ್ನು ಮುಟ್ಟುವುದಿಲ್ಲವೆಂದು ಗೊತ್ತಾದಾಗ, ಕರ್ನಾಟಕದ ಶಿಕ್ಷಣ ಇಲಾಖೆ ಆ ವರ್ಷದ ಆಗಸ್ಟಿನಲ್ಲಿ ವಿದ್ಯಾಗಮ ಆರಂಭಿಸಿತು. ಮೇಷ್ಟ್ರುಗಳು ಮಕ್ಕಳಿರುವ ಕಡೆಗೇ ಹೋದರು. ಗುಡಿಯ ಅಂಗಳ, ಮರದ ನೆರಳು, ಅರಳಿಕಟ್ಟೆ, ಮನೆಯ ಜಗುಲಿ ತರಗತಿಗಳಾದವು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತು, ಮುಂದಿನ ಜನವರಿಯಲ್ಲಿ ಮತ್ತೆ ನಡೆಯಿತು. ಇಡೀ ರಾಜ್ಯದ ಶಾಲಾ ಕಟ್ಟಡಗಳು ಬೀಗ ಹಾಕಿಕೊಂಡಾಗ ಮಕ್ಕಳಿಗೆ ಅಕ್ಷರ ಕಲಿಸಲು ಕೈಹಿಡಿದದ್ದು ಈ "ದಂಡ ಜಾಗ"ಗಳು. ಯಾರೂ ಹೊಸದಾಗಿ ಕಟ್ಟಿಸಬೇಕಾಗಲಿಲ್ಲ.

ಜಗುಲಿ ಬೇಡವೆಂದವರೇ ರಜೆ ಬಂದರೆ ದಿನಕ್ಕೆ ಸಾವಿರಾರು ರೂಪಾಯಿ ಕೊಟ್ಟು ತೊಟ್ಟಿಮನೆಯ ಮಾದರಿಯ ರೆಸಾರ್ಟಿಗೆ ಹೋಗಿ ಜಗುಲಿಯ ಮೇಲೆ ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ. ಮನಸ್ಸಿಗೆ ಅದು ಬೇಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆದರೆ ಎದುರು ಮನೆಯಿಲ್ಲದ, ದಾರಿಹೋಕರಿಲ್ಲದ ಕಡೆ ಕಟ್ಟಿದ ಜಗುಲಿ ಜಗುಲಿಯಲ್ಲ.

ಸರ್ಕಾರದ ಕೈವಾಡವನ್ನೂ ಹೇಳಲೇಬೇಕು. ಹಳ್ಳಿಯ ಬೀದಿಗೆ ಸಿ.ಸಿ. ರಸ್ತೆ ಬಂದಾಗಲೆಲ್ಲ ಹಳೆಯದನ್ನು ಅಗೆಯದೆ ಅದರ ಮೇಲೆಯೇ ಅರ್ಧ ಅಡಿ ಕಾಂಕ್ರೀಟು ಸುರಿಯುತ್ತಾರೆ. ನಾಲ್ಕು ಸಲ ಹಾಗಾದ ಮೇಲೆ ಎರಡಡಿ ಎತ್ತರದ ಜಗುಲಿ ರಸ್ತೆಯ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಬೈಕುಗಳು ಅದರ ಮೇಲೆ ಹತ್ತುತ್ತವೆ, ಮಳೆ ನೀರು ಮನೆಗೆ ನುಗ್ಗುತ್ತದೆ. ಚರಂಡಿ ಮಾಡುವಾಗ ಜಗುಲಿಯ ಅಂಚಿನ ಕಲ್ಲುಗಳನ್ನು ಕಿತ್ತು ಎಸೆಯುತ್ತಾರೆ. ಇದಕ್ಕಿಂತ ದೊಡ್ಡ ತಪ್ಪು ನಡೆದಿರುವುದು ವಸತಿ ಯೋಜನೆಗಳಲ್ಲಿ. 2016ರಿಂದ ಜಾರಿಯಲ್ಲಿರುವ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆ ಮನೆ ಕನಿಷ್ಠ 25 ಚದರ ಮೀಟರ್ ಇರಬೇಕೆನ್ನುತ್ತದೆ, ಅದರಲ್ಲಿ ಅಡುಗೆಗೆ ಪ್ರತ್ಯೇಕ ಜಾಗವಿರಬೇಕೆನ್ನುತ್ತದೆ. ಅಡುಗೆಯ ಜಾಗ ಕೇಳಿದ್ದು ಒಳ್ಳೆಯದೇ ಆಯಿತು. ಜಗುಲಿಯನ್ನು ಹಾಗೆ ಯಾರೂ ಕೇಳಲಿಲ್ಲ. ಸುಮಾರು 270 ಚದರಡಿಯ ಈ ಮನೆಗಳಲ್ಲಿ ಬಾಗಿಲು ತೆರೆದರೆ ನೇರ ಬೀದಿ. ಜನತಾ ಮನೆ, ಆಶ್ರಯ ಮನೆ, ಹೆಸರು ಬದಲಾದರೂ ಕಥೆ ಅದೇ. ಮೂರು ತಲೆಮಾರು ಇನ್ನೊಬ್ಬರ ಜಗುಲಿಯ ಕೆಳಗೆ ನಿಂತವರಿಗೆ ಕೊನೆಗೂ ಸ್ವಂತ ಮನೆ ಸಿಕ್ಕಿತು, ಸ್ವಂತ ಜಗುಲಿ ಸಿಗಲಿಲ್ಲ.

ಮಾಡಬೇಕಾದ್ದು ಕಷ್ಟದ್ದೇನಲ್ಲ. ಯೋಜನೆಯ ಮನೆಯ ಅಳತೆಯ ಹೊರಗೆ, ಅದಕ್ಕೇ ಸೇರಿದ ಹೆಚ್ಚಿನ ಅನುದಾನದಲ್ಲಿ ನಾಲ್ಕಡಿ ಜಗುಲಿ, ಅದರ ಮೇಲೆ ಸೂರು. ಪುರಸಭೆಗಳ ಕಟ್ಟಡ ನಿಯಮದಲ್ಲಿ ಮುಂದೆ ಬಿಡಬೇಕಾದ ಜಾಗದೊಳಗೆ ಗೋಡೆಯಿಲ್ಲದ ಜಗುಲಿಗೆ ಎಲ್ಲ ಕಡೆ, ಎಲ್ಲ ಅಳತೆಯ ನಿವೇಶನದಲ್ಲಿ ಒಪ್ಪಿಗೆ. ರಸ್ತೆ ಹಾಕುವ ಗುತ್ತಿಗೆದಾರರಿಗೆ ಹಳೆಯ ಪದರ ತೆಗೆದೇ ಹೊಸದು ಹಾಕಬೇಕೆಂಬ ಕಟ್ಟಳೆ. ಅಮೆರಿಕದ ಫ್ಲಾರಿಡಾದಲ್ಲಿ 1980ರ ದಶಕದಲ್ಲಿ ಕಟ್ಟಿದ ಸೀಸೈಡ್ ಎಂಬ ಊರು ತನ್ನ ಕಟ್ಟಡ ನಿಯಮದಲ್ಲಿ ಮನೆಯ ಮುಂದೆ ಜಗುಲಿ ಇರಲೇಬೇಕೆಂದು ಬರೆಯಿತು. ಕಾರು ಮತ್ತು ಏರ್ ಕಂಡೀಷನರಿಗೆ ಜಗುಲಿಯನ್ನು ಬಲಿಕೊಟ್ಟ ದೇಶವೇ ಐವತ್ತು ವರ್ಷದೊಳಗೆ ಅದನ್ನು ನಿಯಮದಲ್ಲಿ ಬರೆದು ಮರಳಿ ತರಲು ಹೊರಟಿತೆಂದರೆ, ಇನ್ನೂ ಪೂರ್ತಿ ಕೆಡವಿ ಮುಗಿಸದ ನಾವು ಯಾಕೆ ಕಾಯಬೇಕು?

ಜನ ಕಾದು ಕೂತಿಲ್ಲ. ಈ ನಾಲ್ಕು ತಾಲ್ಲೂಕಿನ ಯಾವ ಕಾಲೊನಿಗೆ ಸಂಜೆ ಐದರ ಮೇಲೆ ಹೋದರೂ ಅದು ಕಾಣುತ್ತದೆ. ಮನೆಯ ಬಾಗಿಲಿಗೂ ರಸ್ತೆಗೂ ನಡುವೆ ಇರುವುದು ಒಂದೂವರೆ ಅಡಿ ಅಗಲದ ಚರಂಡಿ. ಅದರ ಮೇಲೆ ದಾಟಲೆಂದು ಹಾಕಿದ ಒಂದು ಚಪ್ಪಡಿ. ಆ ಚಪ್ಪಡಿಯ ಪಕ್ಕಕ್ಕೆ ಮನೆಯವರೇ ಇನ್ನೊಂದು ಚಪ್ಪಡಿ ತಂದು ಜೋಡಿಸಿದ್ದಾರೆ, ಕೆಲವರು ಅಂಚಿಗೆ ಇಟ್ಟಿಗೆ ಕಟ್ಟಿ ಸಿಮೆಂಟು ಬಳಿದಿದ್ದಾರೆ, ಮೇಲೆ ಎರಡು ಶೀಟು ಚಾಚಿದ್ದಾರೆ. ಕೆಳಗೆ ಕೊಳಚೆ ಹರಿಯುತ್ತಿರುತ್ತದೆ. ಮೇಲೆ ಮೊರದ ತುಂಬ ಸೊಗಡು ಅವರೆಕಾಯಿ ಇಟ್ಟುಕೊಂಡು ಅವ್ವ ಸುಲಿಯುತ್ತಿರುತ್ತಾಳೆ, ಮಗ್ಗುಲಲ್ಲಿ ಮೊಮ್ಮಗ ಮಗ್ಗಿ ಬರೆಯುತ್ತಿರುತ್ತಾನೆ. ಎದುರು ಮನೆಯ ಚಪ್ಪಡಿಯಿಂದ ಇನ್ನೊಬ್ಬಳು ತನ್ನ ಮಣೆ ಎತ್ತಿಕೊಂಡು ರಸ್ತೆ ದಾಟಿ ಬಂದು, ಕೇಳದೆಯೇ ಮೊರದಿಂದ ಒಂದು ಹಿಡಿ ಕಾಯಿ ತೆಗೆದುಕೊಂಡು ಸುಲಿಯತೊಡಗುತ್ತಾಳೆ.